ಮೂರು ಬಾಕ್ಸ್ ಪ್ಯಾರಾಫರ್ನೇಲಿಯಾ

ಹೋದ ವರ್ಷ ಮನೆ ಬದಲಾಯಿಸಿದೆವು. ಬನಶಂಕರಿಯಿಂದ ವೈಟ್‌ಫೀಲ್ಡಿಗೆ. ಬೆಂಗಳೂರಿನಲ್ಲಿ ಇದು ಮನೆ ಬದಲಾವಣೆ ಅಲ್ಲ, ವಲಸೆ. ಪ್ಯಾಕರ್ಸ್‌ನವರ ಹುಡುಗ ಒಂದು ಪ್ಯಾಡ್ ಹಿಡಿದು ರೂಮಿಂದ ರೂಮಿಗೆ ಹೋಗಿ ಪಟ್ಟಿ ಮಾಡ್ತಿದ್ದ. ಸೋಫಾ 1, ಮಂಚ 2, ಫ್ರಿಜ್ 1, ಪುಸ್ತಕ 9 ಬಾಕ್ಸ್. ಕೊನೆಗೆ ನನ್ನ ಕೈಗೆ ಕೊಟ್ಟು ‘ಸೈನ್ ಮಾಡಿ ಮೇಡಂ’ ಅಂದ. ಕೊನೆಯ ಸಾಲಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಕಿಚನ್ ಪ್ಯಾರಾಫರ್ನೇಲಿಯಾಸ್, 3 ಬಾಕ್ಸ್.

ನನ್ನ ಕೆಲಸ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಬೇರೆಯವರು ಬರೆದದ್ದನ್ನು ತಿದ್ದುವುದು. ದಿನಕ್ಕೆ ಹತ್ತು ಸಲ ‘ಇಕ್ವಿಪ್‌ಮೆಂಟ್ಸ್’ ಅನ್ನೋದರ ಬಾಲದ ‘ಎಸ್’ ಕತ್ತರಿಸ್ತೀನಿ. ಹಾಗಾಗಿ ಬಾಯಿ ಸುಮ್ಮನಿರಲಿಲ್ಲ. ‘ಇದಕ್ಕೆ ಎಸ್ ಬರಲ್ಲಪ್ಪ, ಇದು ಆಗಲೇ ಬಹುವಚನ’ ಅಂದೆ. ಆತ ನನ್ನ ಮುಖ ನೋಡಿ, ‘ಮೂರು ಬಾಕ್ಸ್ ಇದೆಯಲ್ಲ ಮೇಡಂ?’ ಅಂದ. ಅವನ ತರ್ಕದಲ್ಲಿ ತಪ್ಪೇನಿರಲಿಲ್ಲ. ಆಮೇಲೆ ಮೂಲೆಯಲ್ಲಿದ್ದ ಅಜ್ಜಿಯ ತಗಡಿನ ಟ್ರಂಕು ತೋರಿಸಿ, ‘ಇದನ್ನೂ ಅದರಲ್ಲೇ ಸೇರಿಸಿದೀನಿ’ ಅಂದ. ನಾನು ಸೈನ್ ಹಾಕಿದೆ.

ಹೊಸ ಮನೆಯಲ್ಲಿ ಮೊದಲ ರಾತ್ರಿ ವೈಫೈ ಇರಲಿಲ್ಲ, ನಿದ್ದೆಯೂ ಬರಲಿಲ್ಲ. ಮೊಬೈಲಿನ ನಿಘಂಟಿನಲ್ಲಿ ಆ ಪದ ಹುಡುಕಿದೆ. ಹುಡುಗನಿಗೆ ಬುದ್ಧಿ ಹೇಳಿದ್ದೇನೋ ಹೌದು, ಆದರೆ ನನಗೇ ಅದರ ಬಗ್ಗೆ ಎಷ್ಟು ಗೊತ್ತು? ಸಲಕರಣೆ, ಸರಂಜಾಮು, ಅದೂ ಇದೂ ಅನ್ನುವ ಅರ್ಥದಲ್ಲೇ ನಾನೂ ಬಳಸ್ತಾ ಬಂದಿದ್ದೆ. ಮೂಲ ಓದಿದ ಮೇಲೆ ಎದ್ದು ಕೂತೆ. ಆ ಹುಡುಗ ಟ್ರಂಕನ್ನು ಸರಿಯಾದ ಸಾಲಿನಲ್ಲೇ ಬರೆದಿದ್ದ.

ಗ್ರೀಕಿನಲ್ಲಿ ‘ಫೆರ್ನೆ’ ಅಂದರೆ ಮದುವೆಯಲ್ಲಿ ಹೆಣ್ಣಿನ ಕಡೆಯಿಂದ ಬರುವ ವರದಕ್ಷಿಣೆ. ‘ಪಾರಾ’ ಅಂದರೆ ಪಕ್ಕದ್ದು, ಆಚೆಯದು. ‘ಪಾರಾಫೆರ್ನಾ’ ಅಂದರೆ ವರದಕ್ಷಿಣೆಯಿಂದ ಆಚೆಗೆ ಹೆಣ್ಣು ತನ್ನ ಜೊತೆ ತಂದದ್ದು. ಗಂಡನಿಗೆ ಕೊಟ್ಟದ್ದಲ್ಲ, ಅವಳದ್ದೇ. ಈಜಿಪ್ಟಿನ ಮರಳಿನಲ್ಲಿ ಸಿಕ್ಕಿರುವ ಗ್ರೀಕ್ ಭಾಷೆಯ ಮದುವೆ ಕರಾರುಗಳಲ್ಲಿ ಈ ಪದ ಬರುತ್ತದೆ. ಒಡವೆ, ಬಟ್ಟೆ, ಕನ್ನಡಿ, ತಾಮ್ರದ ಪಾತ್ರೆ. ಓದ್ತಾ ಇದ್ದರೆ ನಮ್ಮೂರ ಮದುವೆಮನೆಯಲ್ಲಿ ಚಾಪೆ ಮೇಲೆ ಜೋಡಿಸಿಟ್ಟ ಸಾಮಾನು ಕಣ್ಣ ಮುಂದೆ ಬರುತ್ತೆ.

‘ಫೆರ್ನೆ’ ಬಂದಿರುವುದು ‘ಫೆರೈನ್’ ಎಂಬ ಕ್ರಿಯಾಪದದಿಂದ. ಹೊರು, ಒಯ್ಯು ಅಂತ ಅರ್ಥ. ಸಂಸ್ಕೃತದ ‘ಭೃ’ ಧಾತು ಇದರ ಸೋದರ. ಅದರಿಂದಲೇ ನಮ್ಮ ಭಾರ, ಅದರಿಂದಲೇ ಭರ್ತೃ ಮತ್ತು ಭಾರ್ಯೆ. ಭರ್ತೃ ಅಂದರೆ ಹೊರುವವನು, ಭಾರ್ಯೆ ಅಂದರೆ ಹೊರಿಸಿಕೊಳ್ಳಬೇಕಾದವಳು. ಗ್ರೀಕರ ಕಡೆ ಅದೇ ಬೇರು ಹೆಂಡತಿ ಹೊತ್ತು ತಂದದ್ದಕ್ಕೆ ಹೆಸರಾಯಿತು, ನಮ್ಮ ಕಡೆ ಹೆಂಡತಿಯೇ ಹೊರೆಯಾದಳು. ಇದನ್ನು ನನ್ನ ಗಂಡನಿಗೆ ಹೇಳಿದೆ. ‘ನಾಲ್ಕನೇ ಮಹಡಿಗೆ ನಿನ್ನ ಪುಸ್ತಕ ಹೊತ್ತದ್ದು ಯಾರು?’ ಅಂದ. ಲಿಫ್ಟ್ ಆ ದಿನ ಕೆಟ್ಟಿತ್ತು, ನಿಜ.

ರೋಮನ್ನರ ಕಾಲಕ್ಕೆ ಬಂದರೆ ಕತೆಗೆ ಕಾನೂನು ಸೇರಿಕೊಳ್ಳುತ್ತದೆ. ಕ್ರಿ.ಶ. 3ನೇ ಶತಮಾನದ ಆರಂಭದಲ್ಲಿದ್ದ ಉಲ್ಪಿಯನ್ ಎಂಬ ನ್ಯಾಯಶಾಸ್ತ್ರಜ್ಞನ ಮಾತುಗಳು ಜಸ್ಟಿನಿಯನ್ ಚಕ್ರವರ್ತಿ ಮಾಡಿಸಿದ ‘ಡೈಜೆಸ್ಟ್’ ಎಂಬ ಸಂಗ್ರಹದಲ್ಲಿ ಉಳಿದಿವೆ. ಗ್ರೀಕರು ಪಾರಾಫೆರ್ನಾ ಅನ್ನುತ್ತಾರಲ್ಲ, ಆ ಸಾಮಾನಿನ ಬಗ್ಗೆ ಅವನು ಒಂದು ರೂಢಿಯನ್ನು ಹೇಳುತ್ತಾನೆ. ಹೆಣ್ಣು ಗಂಡನ ಮನೆಯಲ್ಲಿ ತನ್ನ ಬಳಕೆಗೆ ಅಂತ ತರುವ, ಆದರೆ ವರದಕ್ಷಿಣೆಗೆ ಸೇರಿಸದ ವಸ್ತುಗಳನ್ನು ಒಂದು ಸಣ್ಣ ಪಟ್ಟಿಯಲ್ಲಿ ಬರೆಯುತ್ತಾಳೆ. ಆ ಪಟ್ಟಿಯನ್ನು ಗಂಡನ ಮುಂದೆ ಹಿಡಿಯುತ್ತಾಳೆ. ಅವನು ಅದಕ್ಕೆ ಸಹಿ ಹಾಕುತ್ತಾನೆ. ವಸ್ತುಗಳು ಅವನದ್ದಾಗುವುದಿಲ್ಲ. ಮುಂದೆ ಇಬ್ಬರೂ ಬೇರೆಯಾದರೆ ಇವೆಲ್ಲ ಮನೆಯೊಳಗೆ ಬಂದಿದ್ದವು ಅನ್ನೋದನ್ನು ಅವನು ಅಲ್ಲಗಳೆಯುವಂತಿಲ್ಲ, ಅಷ್ಟೇ.

ಸಾವಿರದ ಎಂಟುನೂರು ವರ್ಷ ಹಿಂದೆ ರೋಮಿನ ಹೆಂಗಸು ಪ್ಯಾರಾಫರ್ನೇಲಿಯಾ ಪಟ್ಟಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದಳು. ನಾನು ಬನಶಂಕರಿಯಲ್ಲಿ ಪ್ಯಾಕರ್ಸ್ ಹುಡುಗನ ಪಟ್ಟಿಗೆ ಸಹಿ ಹಾಕಿದ್ದೆ.

ಬಹುವಚನದ ವಿಷಯ ಇಲ್ಲೇ ಮುಗಿಸಿಬಿಡ್ತೀನಿ. ಗ್ರೀಕಿನ ಪಾರಾಫೆರ್ನಾ ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಪ್ಯಾರಾಫರ್ನೇಲಿಯಾ’ ಆಯಿತು. ಅದು ನಪುಂಸಕಲಿಂಗದ ಬಹುವಚನ, ಏಕವಚನ ‘ಪ್ಯಾರಾಫರ್ನಾಲೆ’. ನಮಗೆ ಚೆನ್ನಾಗಿ ಗೊತ್ತಿರುವ ಡೇಟಾ, ಮೀಡಿಯಾ ಕೂಡ ಇದೇ ಜಾತಿ. ಡೇಟಮ್ಮಿನ ಬಹುವಚನ ಡೇಟಾ, ಮೀಡಿಯಮ್ಮಿನ ಬಹುವಚನ ಮೀಡಿಯಾ. ಇಂಗ್ಲಿಷಿನಲ್ಲಿ ಪ್ಯಾರಾಫರ್ನೇಲಿಯಾಕ್ಕೆ ಏಕವಚನದ ಕ್ರಿಯಾಪದ ಹಾಕಿದರೂ ನಡೆಯುತ್ತೆ, ಬಹುವಚನದ್ದು ಹಾಕಿದರೂ ನಡೆಯುತ್ತೆ. ‘ಎಸ್’ ಮಾತ್ರ ಬೇಡ. ಒಂದೇ ಒಂದು ವಸ್ತುವಿಗೆ ಈ ಪದ ಬಳಸುವ ದಾರಿ ಇಂಗ್ಲಿಷಿನಲ್ಲಿ ಉಳಿದಿಲ್ಲ. ಲ್ಯಾಟಿನ್ ಏಕವಚನ ಅದರ ಜೊತೆ ಹಡಗು ಹತ್ತಲಿಲ್ಲ. ಕನ್ನಡದಲ್ಲಿ ಈ ರಗಳೆಯೇ ಇಲ್ಲ, ‘ಸಾಮಾನು’ ಅಂದರೆ ಒಂದೂ ಆಯಿತು ನೂರೂ ಆಯಿತು. ಅದರ ಜೋಡಿ ‘ಸರಂಜಾಮು’ ಕೂಡ ದೊಡ್ಡ ಮನೆತನದಿಂದ ಬಿದ್ದ ಪದವೇ. ಪಾರಸಿಯಿಂದ ಬಂದು, ಮರಾಠರ ಆಡಳಿತದಲ್ಲಿ ಸೈನ್ಯ ಸಾಕುವುದಕ್ಕೆ ಅಂತ ಸರದಾರರಿಗೆ ಬಿಟ್ಟುಕೊಟ್ಟ ಭೂಮಿಯ ಆದಾಯಕ್ಕೆ ಆ ಹೆಸರಿತ್ತು. ಈಗ ಅಡುಗೆಮನೆಯ ಸೌಟು, ಜರಡಿ.

ಇಂಗ್ಲಿಷಿಗೆ ಈ ಪದ ಬಂದದ್ದು 17ನೇ ಶತಮಾನದ ಮಧ್ಯದಲ್ಲಿ, ವಕೀಲರ ಬಾಯಿಂದ. ಆದರೆ ಅಲ್ಲಿ ಅದು ಕಾಲಿಟ್ಟ ಮನೆ ಬೇರೆ ಥರದ್ದು. ರೋಮಿನಲ್ಲಿ ಮದುವೆಯಾದ ಹೆಣ್ಣು ಸ್ವಂತ ಆಸ್ತಿ ಇಟ್ಟುಕೊಳ್ಳಬಹುದಿತ್ತು. ಇಂಗ್ಲೆಂಡಿನ ‘ಕವರ್ಚರ್’ ನಿಯಮದ ಪ್ರಕಾರ ಮದುವೆಯಾದ ಮೇಲೆ ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಬ್ಬರೇ ವ್ಯಕ್ತಿ. ಆ ಒಬ್ಬ ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಅವಳ ಹಣ, ಸಾಮಾನು, ಸಂಬಳ, ಒಡವೆ ಎಲ್ಲವೂ ತಾಳಿ ಬಿದ್ದ ಕ್ಷಣದಿಂದ (ಅವರಲ್ಲಿ ಉಂಗುರ) ಅವನ ಸ್ವಂತ. ಇಂಥ ಕಾನೂನಿನಲ್ಲಿ ‘ವರದಕ್ಷಿಣೆಯಿಂದ ಆಚೆಗೆ ಅವಳದ್ದು’ ಅನ್ನುವುದಕ್ಕೆ ಜಾಗ ಎಲ್ಲಿ? ಹಾಗಾಗಿ ಪದ ಕುಗ್ಗಿತು. 1760ರ ದಶಕದಲ್ಲಿ ಬ್ಲ್ಯಾಕ್‌ಸ್ಟನ್ ತನ್ನ ಕಾನೂನು ವ್ಯಾಖ್ಯಾನ ಬರೆಯುವ ಹೊತ್ತಿಗೆ ಪ್ಯಾರಾಫರ್ನೇಲಿಯಾ ಅಂದರೆ ಹೆಂಡತಿಯ ಬಟ್ಟೆಬರೆ ಮತ್ತು ಅವಳ ಅಂತಸ್ತಿಗೆ ತಕ್ಕ ಒಡವೆ ಮಾತ್ರ.

ಅದೂ ಪೂರ್ತಿ ಅವಳದ್ದಲ್ಲ. ಗಂಡ ಬದುಕಿರುವಾಗ ಆ ಒಡವೆಯನ್ನು ಮಾರಬಹುದು, ಯಾರಿಗಾದರೂ ಕೊಟ್ಟುಬಿಡಬಹುದು. ಅವನು ಮಾಡಲಾಗದ್ದು ಒಂದೇ, ಉಯಿಲು ಬರೆದು ಬೇರೆಯವರಿಗೆ ಬಿಟ್ಟುಹೋಗುವುದು. ಅವನು ಸತ್ತ ಮೇಲೆ ಒಡವೆ ವಿಧವೆಗೆ. ಸಾಲಗಾರರು ಬಾಗಿಲಿಗೆ ಬಂದರೆ ಅದೂ ಇಲ್ಲ, ಮೈಮುಚ್ಚುವ ಅಗತ್ಯದ ಬಟ್ಟೆ ಮಾತ್ರ ಉಳಿಸಿಕೊಳ್ಳಬಹುದು. ಅಂದರೆ ಹೆಂಡತಿಯ ಸ್ವಂತ ಆಸ್ತಿಯ ಹಕ್ಕು ಚಾಲ್ತಿಗೆ ಬರಲು ಗಂಡ ಸಾಯಬೇಕು, ಸಾಲ ಇಲ್ಲದೆ ಸಾಯಬೇಕು.

ಒಂದು ಸಣ್ಣ ಕರುಣೆ ಇತ್ತು. ಗಂಡ ಹೆಂಡತಿಯ ಒಡವೆಯನ್ನು ಅಡವಿಟ್ಟು ಸತ್ತಿದ್ದರೆ, ಅವನ ಚರಾಸ್ತಿಯಲ್ಲಿ ಸಾಕಷ್ಟು ಹಣ ಉಳಿದಿದ್ದರೆ, ಆ ಹಣದಿಂದ ಒಡವೆ ಬಿಡಿಸಿಕೊಡಿ ಅಂತ ವಿಧವೆ ಕೇಳಬಹುದಿತ್ತು. 18ನೇ ಶತಮಾನದ ಇಂಗ್ಲಿಷ್ ಕೋರ್ಟು ಇದನ್ನು ಒಪ್ಪಿದೆ. ಇದನ್ನು ಓದಿದಾಗ ಟ್ರಂಕಿನ ಕಡೆ ನೋಡಿದೆ. ಅದಕ್ಕೆ ಆಮೇಲೆ ಬರ್ತೀನಿ.

ಆಂಟನಿ ಟ್ರಾಲಪ್ ಅನ್ನೋ ಕಾದಂಬರಿಕಾರನಿಗೆ ಈ ಗೋಜಲಲ್ಲಿ ಒಂದು ಇಡೀ ಕಾದಂಬರಿ ಸಿಕ್ಕಿತು. 1871ರಿಂದ 1873ರವರೆಗೆ ಧಾರಾವಾಹಿಯಾಗಿ ಬಂದ ‘ದಿ ಯೂಸ್ಟೇಸ್ ಡೈಮಂಡ್ಸ್’. ಲಿಜ್ಜಿ ಎಂಬ ಎಳೆಯ ವಿಧವೆ, ಹತ್ತು ಸಾವಿರ ಪೌಂಡ್ ಬೆಲೆಯ ವಜ್ರದ ಹಾರ. ಗಂಡನೇ ನನಗೆ ಕೊಟ್ಟ ಅಂತಾಳೆ ಅವಳು. ಅದು ವಂಶದ ಸೊತ್ತು, ವಾಪಸ್ ಕೊಡು ಅಂತಾನೆ ಕುಟುಂಬದ ವಕೀಲ. ಹಾರ ವಂಶಪಾರಂಪರ್ಯದ ಆಸ್ತಿಯೋ, ವಿಧವೆಯ ಪ್ಯಾರಾಫರ್ನೇಲಿಯಾವೋ? ಟ್ರಾಲಪ್ ಈ ಪ್ರಶ್ನೆಗೆ ಒಬ್ಬ ನಿಜವಾದ ಬ್ಯಾರಿಸ್ಟರನಿಂದ ಕಾನೂನು ಅಭಿಪ್ರಾಯ ಬರೆಸಿ, ಅದನ್ನು ಕಾದಂಬರಿಯ ವಕೀಲನ ಅಭಿಪ್ರಾಯವಾಗಿ ಒಳಗೆ ಸೇರಿಸಿದ. ಲಿಜ್ಜಿ ಸುಳ್ಳಿ. ಓದುಗರು ಅವಳನ್ನು ಮೆಚ್ಚಲಿ ಅಂತ ಟ್ರಾಲಪ್ ಬರೆದಂತೆ ಕಾಣಲ್ಲ. ನನಗೆ ಮಾತ್ರ ಅವಳ ಮೇಲೆ ಪೂರ್ತಿ ಕೋಪ ಬರಲಿಲ್ಲ. ಯಾವುದನ್ನೂ ನಿನ್ನದು ಅಂತ ಸ್ಪಷ್ಟವಾಗಿ ಬರೆದುಕೊಡದ ಮನೆಯಲ್ಲಿ ಸುಳ್ಳು ಹೇಳುವವರು ತಯಾರಾಗದೆ ಇನ್ನೇನು?

ಅದೇ ಕಾಲದ ಒಂದು ನಿಜವಾದ ಘಟನೆ. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಮಿಲಿಸೆಂಟ್ ಫಾಸೆಟ್ ಅವರ ಪರ್ಸನ್ನು ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿನಲ್ಲಿ ಒಬ್ಬ ಹುಡುಗ ಹೊಡೆದ. ಸಿಕ್ಕಿಬಿದ್ದ. ಕೋರ್ಟಿನಲ್ಲಿ ಅವನ ಮೇಲಿನ ಆರೋಪ ಓದಿದಾಗ ಅದರಲ್ಲಿ ಇದ್ದದ್ದು ಹೀಗೆ: ಮಿಲಿಸೆಂಟ್ ಅವರ ಮೈಮೇಲಿಂದ ಕದ್ದ, 1 ಪೌಂಡ್ 18 ಷಿಲಿಂಗ್ 6 ಪೆನ್ಸ್ ಇದ್ದ ಪರ್ಸು, ಹೆನ್ರಿ ಫಾಸೆಟ್ ಅವರ ಸೊತ್ತು. ಹೆನ್ರಿ ಅವರ ಗಂಡ, ಮಹಿಳೆಯರ ಹಕ್ಕಿನ ಪರವಾಗಿಯೇ ಇದ್ದ ಸಂಸದ. ಕಾನೂನಿಗೆ ಅದೆಲ್ಲ ಲೆಕ್ಕವಿಲ್ಲ. ಕಳ್ಳತನದ ಆರೋಪ ತನ್ನ ಮೇಲೇ ಬಂದ ಹಾಗನ್ನಿಸಿತು ಅಂತ ಅವರು ಮುಂದೆ ನೆನಪಿಸಿಕೊಂಡಿದ್ದಾರೆ.

1870ರಲ್ಲಿ ಒಂದು ಕಾನೂನು ಬಂತು, ಹೆಂಡತಿಯ ದುಡಿಮೆಯ ಹಣ ಅವಳದ್ದು ಅಂತ. 1882ರಲ್ಲಿ ಬಂದ ಇನ್ನೊಂದು ಕಾನೂನು ಮದುವೆಯಾದ ಹೆಣ್ಣಿಗೆ ಸ್ವಂತ ಆಸ್ತಿಯ ಹಕ್ಕನ್ನು ಪೂರ್ತಿಯಾಗಿ ಕೊಟ್ಟಿತು. ಅಲ್ಲಿಗೆ ಪ್ಯಾರಾಫರ್ನೇಲಿಯಾ ಎಂಬ ಕಾನೂನಿನ ಪದಕ್ಕೆ ಕೆಲಸವೇ ಹೋಯಿತು. ಆದರೆ ಅಷ್ಟರಲ್ಲಾಗಲೇ ಅದು ಬೇರೆ ಕೆಲಸ ಹುಡುಕಿಕೊಂಡಿತ್ತು. 18ನೇ ಶತಮಾನದಲ್ಲೇ ಯಾರದೇ ಸಣ್ಣಪುಟ್ಟ ವಸ್ತುಗಳಿಗೆ ಹೇಳತೊಡಗಿದ್ದರು, ಆ ಶತಮಾನದ ಕೊನೆಗೆ ‘ಸಲಕರಣೆ’ ಎಂಬ ಅರ್ಥ ಬಂದಿತ್ತು. ಈಗ ಅಮೆರಿಕದ ಕಾನೂನಿನಲ್ಲಿ ಈ ಪದ ಹೆಚ್ಚಾಗಿ ಸಿಗುವುದು ‘ಡ್ರಗ್ ಪ್ಯಾರಾಫರ್ನೇಲಿಯಾ’ ಅಂತ, ಗಾಂಜಾ ಸೇದುವ ಪೈಪು ಇತ್ಯಾದಿ. ಹೆಂಗಸರ ಆಸ್ತಿಯ ಹೆಸರು ‘ಅದೂ ಇದೂ’ ಆಗಿಹೋಗಿದ್ದು ಬರೀ ಕಾಕತಾಳೀಯ ಅಂತ ನನಗನ್ನಿಸಲ್ಲ. ಹಕ್ಕು ಕಳೆದ ಮೇಲೆ ಉಳಿದದ್ದು ಬಟ್ಟೆಬರೆ, ಬಾಚಣಿಗೆ, ಕನ್ನಡಿ. ಅದನ್ನು ನೋಡಿದವರಿಗೆ ಸಾಮಾನಿನ ಹಾಗೆ ಕಂಡಿರಬೇಕು.

ಇಷ್ಟು ಹೊತ್ತಿಗೆ ನೀವು ‘ಸ್ತ್ರೀಧನ’ ಅಂತ ಮನಸ್ಸಲ್ಲೇ ಅಂದುಕೊಂಡಿರ್ತೀರಿ. ಹೌದು, ನಮ್ಮಲ್ಲೂ ಇದೇ ಪ್ರಶ್ನೆ, ಮತ್ತು ಅದಕ್ಕೆ ಸಿಕ್ಕ ದೊಡ್ಡ ಉತ್ತರ ನಮ್ಮ ನೆಲದ್ದೇ. ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯ (1076–1126) ಆಳುತ್ತಿದ್ದಾಗ ಅವನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಅವನು ಕಲಬುರಗಿ ಹತ್ತಿರದ ಮರತೂರಿನವನು ಅಂತ ಹೇಳುತ್ತಾರೆ. ಬ್ರಿಟಿಷರ ಕಾಲದ ಹಿಂದೂ ಆಸ್ತಿ ಕಾನೂನು ಬಂಗಾಳ ಬಿಟ್ಟರೆ ಬಹುಪಾಲು ಭಾರತದಲ್ಲಿ ಈ ಪುಸ್ತಕದ ಮೇಲೆ ನಿಂತಿತ್ತು.

ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸ್ತ್ರೀಧನದ ಪಟ್ಟಿ ಚಿಕ್ಕದು. ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಬಂದದ್ದು, ಗಂಡ ಇನ್ನೊಂದು ಮದುವೆಯಾಗುವಾಗ ಮೊದಲನೆಯವಳಿಗೆ ಕೊಟ್ಟದ್ದು (ಅದಕ್ಕೂ ಒಂದು ಹೆಸರಿತ್ತು ನೋಡಿ!). ಕೊನೆಯಲ್ಲಿ ‘ಆದ್ಯ’ ಎಂಬ ಮಾತು. ಅಂದರೆ ‘ಮುಂತಾದವು’. ಬೇರೆಯವರಾಗಿದ್ದರೆ ‘ಮುಂತಾದವು’ ಅನ್ನುವುದನ್ನು ದಾಟಿಕೊಂಡು ಹೋಗ್ತಿದ್ದರೇನೋ. ವಿಜ್ಞಾನೇಶ್ವರ ಅಲ್ಲೇ ನಿಂತ. ಆ ‘ಮುಂತಾದವು’ಗಳಲ್ಲಿ ಪಿತ್ರಾರ್ಜಿತವಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು, ಅನುಭೋಗದಿಂದ ಬಂದದ್ದು, ಸಿಕ್ಕಿದ್ದು ಎಲ್ಲವೂ ಸೇರುತ್ತವೆ ಅಂದ. ಸ್ತ್ರೀಧನ ಅನ್ನುವುದು ಪಾರಿಭಾಷಿಕ ಪದವಲ್ಲ, ಹೆಣ್ಣಿನ ಧನವೆಲ್ಲ ಸ್ತ್ರೀಧನವೇ ಎಂಬುದು ಅವನ ವಾದ. ಇಂಗ್ಲೆಂಡಿನ ವಕೀಲರು ಪದವನ್ನು ಸೀರೆ, ಬಳೆಯ ಮಟ್ಟಕ್ಕೆ ಕುಗ್ಗಿಸಿದ್ದರೆ, ಕಲ್ಯಾಣದ ಪಂಡಿತ ಒಂದು ‘ಇತ್ಯಾದಿ’ಯ ಬಾಗಿಲು ತೆಗೆದು ಹೊಲ ಮನೆ ಒಳಗೆ ತಂದ. ತಿದ್ದುವುದು ನನ್ನ ಕಸುಬಾಗಿರುವುದರಿಂದ ಇದು ನನಗೆ ಬಹಳ ಇಷ್ಟ. ನಾವು ‘ಇತ್ಯಾದಿ’ ಕಂಡರೆ ಅಳಿಸ್ತೀವಿ.

ಆ ಬಾಗಿಲು ತೆರೆದೇ ಇರಲಿಲ್ಲ. ಮಿತಾಕ್ಷರದ ದಾಯಭಾಗವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ. ಲಂಡನ್ನಿನ ಪ್ರೀವಿ ಕೌನ್ಸಿಲ್ ನಮ್ಮ ಕೊನೆಯ ಕೋರ್ಟಾಗಿದ್ದ ಕಾಲ. 1867ರ ಒಂದು ತೀರ್ಪಿನಲ್ಲಿ ಅದು, ಗಂಡನಿಂದ ವಿಧವೆಗೆ ಬಂದ ಆಸ್ತಿ ಸ್ತ್ರೀಧನವಲ್ಲ, ಅವಳು ಸತ್ತ ಮೇಲೆ ಗಂಡನ ವಾರಸುದಾರರಿಗೇ ಹೋಗಬೇಕು ಅಂದಿತು. ಆ ವರ್ಷ ಇಂಗ್ಲೆಂಡಿನಲ್ಲೂ ಹೆಂಡತಿಯ ಪರ್ಸು ಗಂಡನದ್ದೇ ಆಗಿತ್ತು ಅನ್ನೋದನ್ನು ನೆನಪಿಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಬಂದ ಮೇಲೆ ಹೆಣ್ಣಿನ ಕೈಲಿರುವ ಆಸ್ತಿಗೆ ಅವಳೇ ಪೂರ್ಣ ಒಡತಿಯಾದಳು. ಆ ಸೆಕ್ಷನ್ನಿನ ವಿವರಣೆಯಲ್ಲಿ ಪಿತ್ರಾರ್ಜಿತ, ಪಾಲು, ಖರೀದಿ ಅಂತ ಪಟ್ಟಿ ಇದೆ. ವಿಜ್ಞಾನೇಶ್ವರ ನೋಡಿದ್ದರೆ ಗುರುತು ಹಿಡಿಯುತ್ತಿದ್ದ.

ಸರಿ, ಈಗ ಟ್ರಂಕು. ಅಜ್ಜಿಯ ಮದುವೆಯಾದದ್ದು 1951ರಲ್ಲಿ, ತಿಪಟೂರಿನ ಕಡೆ. ತವರಿನಿಂದ ಬಂದ ಒಂದು ಕಾಸಿನ ಸರ ಇತ್ತಂತೆ. ಎಪ್ಪತ್ತರ ದಶಕದಲ್ಲಿ ತೆಂಗಿನ ತೋಟಕ್ಕೆ ಬೋರ್‌ವೆಲ್ ಕೊರೆಸಲು ತಾತ ಅದನ್ನು ಪೇಟೆಯ ಗಿರವಿ ಅಂಗಡಿಯಲ್ಲಿಟ್ಟರು. ನೀರು ಬಂತು. ತೋಟ ಉಳಿಯಿತು. ಸರ ಬರಲಿಲ್ಲ. ತೋಟ ಆಮೇಲೆ ಗಂಡುಮಕ್ಕಳಿಗೆ ಭಾಗವಾಯಿತು. ತಾತ ಕೆಟ್ಟವರಲ್ಲ, ಮನೆಯಲ್ಲಿ ಯಾರೂ ಇದನ್ನು ಅನ್ಯಾಯ ಅಂತ ಕರೆದದ್ದು ನಾನು ಕೇಳಿಲ್ಲ. ಅಜ್ಜಿ ಮಾತ್ರ ಮಾತಿನ ನಡುವೆ ಯಾವಾಗಲಾದರೂ ‘ನನ್ನ ಸರ ಬಾವಿಯೊಳಗಿದೆ’ ಅನ್ನುತ್ತಿದ್ದರು. ಚಿಕ್ಕವಳಾಗಿದ್ದಾಗ ನಿಜವಾಗಿಯೂ ಜಾರಿ ಬಿದ್ದಿದೆ ಅಂತಲೇ ನಂಬಿದ್ದೆ.

ಗಂಡ ಸ್ತ್ರೀಧನ ತೆಗೆದುಕೊಂಡರೆ ಹಿಂದಿರುಗಿಸಬೇಕಾಗಿಲ್ಲದ ಸಂದರ್ಭಗಳನ್ನು ಯಾಜ್ಞವಲ್ಕ್ಯ ಹೇಳುತ್ತಾನೆ. ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ. ಉಳಿದಂತೆ ಕೊಡಬೇಕು. ಬೋರ್‌ವೆಲ್ಲನ್ನು ಬರಗಾಲದ ಖಾತೆಗೆ ಹಾಕಬಹುದಾ? ವಾದ ಮಾಡಬಹುದು. ನೀರು ಬಂದ ಮೇಲೆ, ಕಾಯಿ ಮಾರಿದ ಮೇಲೆ, ಇಪ್ಪತ್ತು ವರ್ಷ ಕಳೆದ ಮೇಲೆ? ಇಂಗ್ಲೆಂಡಿನ ಆ ವಿಧವೆಯಾದರೆ ಸತ್ತ ಗಂಡನ ಹಣದಿಂದ ಬಿಡಿಸಿಕೊಡಿ ಅಂತ ಕೇಳಬಹುದಿತ್ತು. ಅಜ್ಜಿ ಯಾರನ್ನು ಕೇಳಬೇಕಿತ್ತು, ಏನು ತೋರಿಸಿ ಕೇಳಬೇಕಿತ್ತು?

ತೋರಿಸುವುದು ಏನನ್ನು ಅನ್ನೋದೇ ಇವತ್ತಿಗೂ ಗಂಟು. 1985ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ಗಂಡನ ಮನೆಯ ಹೊಸ್ತಿಲು ದಾಟಿದ ಮಾತ್ರಕ್ಕೆ ಸ್ತ್ರೀಧನ ಇಬ್ಬರ ಜಂಟಿ ಆಸ್ತಿಯಾಗುವುದಿಲ್ಲ, ನಂಬಿ ಕೊಟ್ಟದ್ದನ್ನು ವಾಪಸ್ ಕೊಡದಿದ್ದರೆ ಅದು ಅಪರಾಧ. 2024ರಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಅದೇ ಕೋರ್ಟು ಮತ್ತೆ ಅದನ್ನೇ ಹೇಳಬೇಕಾಯಿತು. ಅಲ್ಲಿ 89 ಸವರನ್ ಚಿನ್ನ, ಮದುವೆಯ ಮೊದಲ ರಾತ್ರಿಯೇ ‘ಜೋಪಾನವಾಗಿಡಲು’ ಗಂಡ ತೆಗೆದುಕೊಂಡಿದ್ದ ಅನ್ನುವುದು ಅವಳ ದೂರು. ಹೈಕೋರ್ಟು ಪುರಾವೆ ಸಾಲದು ಅಂದಿತ್ತು. ಸುಪ್ರೀಂ ಕೋರ್ಟು ಅವಳಿಗೆ 25 ಲಕ್ಷ ರೂಪಾಯಿ ಕೊಡಿಸಿತು. ಕಷ್ಟಕಾಲದಲ್ಲಿ ಗಂಡ ಸ್ತ್ರೀಧನ ಬಳಸಬಹುದು, ಆದರೆ ಹಿಂದಿರುಗಿಸುವ ಹೊಣೆ ಅವನ ಮೇಲಿದೆ ಅಂದಿತು.

ಉಲ್ಪಿಯನ್ ಹೇಳಿದ ಆ ಪಟ್ಟಿ ನಮ್ಮ ಕಾನೂನಿನಲ್ಲೂ ಇದೆ ಅಂತ ಎಷ್ಟು ಜನರಿಗೆ ಗೊತ್ತು? 1985ರ ಅಕ್ಟೋಬರ್ 2ರಿಂದ ವರದಕ್ಷಿಣೆ ನಿಷೇಧ ಕಾಯ್ದೆಯಡಿ ನಿಯಮಗಳಿವೆ. ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ಬರೆಯಬೇಕು, ಯಾವ ವಸ್ತು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಸಂಬಂಧ ಏನು, ಎಲ್ಲ ಇರಬೇಕು. ವಧು ವರ ಇಬ್ಬರೂ ಸಹಿ ಹಾಕಬೇಕು. ವಧುವಿನ ಪಟ್ಟಿ ಅವಳ ಬಳಿಯೇ ಇರಬೇಕು. ನಾನು ನೋಡಿದ ಯಾವ ಮದುವೆಯಲ್ಲೂ ಯಾರೂ ಇದನ್ನು ಬರೆದದ್ದಿಲ್ಲ. ಧಾರೆಯ ಹೊತ್ತಲ್ಲಿ ಕಾಗದ ತೆಗೆದು ‘ಇಲ್ಲಿ ಸೈನ್ ಮಾಡಿ’ ಅಂದರೆ ಛತ್ರದಲ್ಲಿ ಏನಾಗುತ್ತೆ ಅಂತ ನೀವೇ ಊಹಿಸಿ. ‘ಶುಭ ಕಾರ್ಯದಲ್ಲಿ ಲೆಕ್ಕ ಬರೀತಾರಾ?’ ಅಂತ ಶುರುವಾಗುತ್ತೆ.

ಬರೀತಾರೆ. ಅದೇ ಛತ್ರದ ಬಾಗಿಲಲ್ಲಿ ಒಬ್ಬ ಮಾವ ಪೆನ್ನು ಹಿಡಿದು ಕೂತು ಮುಯ್ಯಿ ಬರೀತಿರ್ತಾರೆ.

ಹೊಸ ಮನೆಯಲ್ಲಿ ಒಂದು ವಾರ ಕಳೆದ ಮೇಲೆ ಟ್ರಂಕು ತೆಗೆದೆ. ಎರಡು ಸೀರೆ, ಒಂದು ಕುಂಕುಮದ ಭರಣಿ, ತಳದಲ್ಲಿ ಬಟ್ಟೆ ಸುತ್ತಿದ ಒಂದು ಉದ್ದನೆಯ ನೋಟ್ ಪುಸ್ತಕ. 1951ರ ಮುಯ್ಯಿ ಪುಸ್ತಕ. ಇಂಥವರು ಒಂದು ರೂಪಾಯಿ, ಇಂಥವರು ಎಂಟಾಣೆ, ತಾಮ್ರದ ಬಿಂದಿಗೆ, ಹಿತ್ತಾಳೆ ದೀಪ ಜೊತೆ, ಒಂದು ಕನ್ನಡಿ. ಮುಂದೆ ಅವರ ಮನೆಯ ಮದುವೆಯಲ್ಲಿ ವಾಪಸ್ ಹಾಕಬೇಕಲ್ಲ, ಅದಕ್ಕೆ ಎಂಟಾಣೆಯೂ ತಪ್ಪದೆ ಬರೆದಿದ್ದಾರೆ. ಎರಡು ಸಲ ಪುಟ ತಿರುಗಿಸಿದೆ. ಕಾಸಿನ ಸರ ಇಲ್ಲ.

ನನ್ನ ಮದುವೆಯ ಪುಸ್ತಕ ಅಮ್ಮನ ಮನೆಯಲ್ಲಿದೆ. ಅದರಲ್ಲಿ ಮೂರು ಗೋಡೆ ಗಡಿಯಾರ ಬಂದದ್ದು ಬರೆದಿದೆ ಅಂತ ನನಗೆ ನೆನಪಿದೆ. ಬಳೆ ಎಷ್ಟು ಗ್ರಾಮು, ಯಾರು ಮಾಡಿಸಿದ್ದು, ಯಾವ ಅಂಗಡಿಯ ಬಿಲ್ಲು ಅಂತ ಅಮ್ಮನಿಗೆ ಫೋನ್ ಮಾಡಿ ಒಂದೊಂದಾಗಿ ಕೇಳಿ ಬರೆದುಕೊಳ್ತಾ ಇದೀನಿ. ‘ಏನಾಯ್ತೇ, ಇಬ್ಬರೂ ಚೆನ್ನಾಗಿದೀರಾ ತಾನೆ?’ ಅಂತ ಅಮ್ಮ ಎರಡು ಸಲ ಕೇಳಿದರು. ಚೆನ್ನಾಗಿದೀವಿ ಅಂದೆ. ಗಂಡ ಪಕ್ಕದಲ್ಲೇ ಕೂತು ಪಟ್ಟಿಗೆ ಸಹಿ ಹಾಕಲು ಪೆನ್ನು ಹುಡುಕ್ತಿದ್ದ. ಪೆನ್ನುಗಳು ಇನ್ನೂ ಬಿಚ್ಚದ ಯಾವುದೋ ಬಾಕ್ಸಿನಲ್ಲಿವೆ.